ಒಳಮೈ ಇಲ್ಲದ ನೀಲಿ ಚಿಟ್ಟೆ

“ಇದು ಲತೇಶ್ ತೆಗೆದ ಫೋಟೋ ಅಲ್ಲ ಕಣೇ.”

ಬಾಯಿಂದ ಮಾತು ಜಾರಿದ ಮೇಲೆ ಕಾಂತಾಮಣಿ ನಾಲಿಗೆ ಕಚ್ಚಿಕೊಂಡರು. ಎದುರಿಗಿದ್ದ ಸ್ವರ್ಣಲತಾ ಏಳು ತಿಂಗಳ ಬಸುರಿ. ಜರ್ಮನಿಯಿಂದ ಗಂಡ ಕಳಿಸಿದ ಚಿಟ್ಟೆ ತೋರಿಸಲೆಂದು ಕೆಳಗಿನ ಮನೆಯಿಂದ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಿದ್ದಳು. ಚಾಚಿದ ಕೈಯಲ್ಲಿ ಫೋನು ಹಾಗೇ ಉಳಿಯಿತು.

“ಎಂತ ಹೇಳ್ತಿದ್ದೀರಿ ಮಾಮಿ? ನಂಬರ್ ಅವರದ್ದೇ ಅಲ್ವಾ. ಪ್ರತಿ ಶುಕ್ರವಾರ ಬರುವ ಹಾಗೆ ಇವತ್ತೂ ಬಂತು.”

“ನಂಬರ್ ಅವನದೇ. ಚಿಟ್ಟೆ ಅವನದಲ್ಲ. ಕೂತ್ಕೋ ಮೊದಲು.”

ಸೀರೆಯ ಅಂಚು ನೋಡಿ ನೇಯ್ದ ಊರು ಹೇಳುವವರಿದ್ದಾರೆ. ಕಾಂತಾಮಣಿ ರೆಕ್ಕೆಯ ಅಂಚು ನೋಡಿ ಚಿಟ್ಟೆಯ ಊರು ಹೇಳುವವರು. ಮೈಸೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ, ಗಂಡನ ನೌಕರಿಯ ಹಿಂದೆ ಮಸ್ಕತ್ತಿಗೆ ಬಂದು, ವಾದಿ ಕಬೀರ್ ಎಂಬ ಬಡಾವಣೆಯ ಗ್ಯಾರೇಜುಗಳ ನಡುವಿನ ಈ ಹಳೇ ಕಟ್ಟಡದಲ್ಲಿ ಕೂತು ಅವರು ಮಾಡುತ್ತಿದ್ದುದು ವಿಚಿತ್ರ ಕೆಲಸ. ಯೂರೋಪಿನ ಜನ ಒಂದು ಜಾಲತಾಣಕ್ಕೆ ತಮ್ಮೂರಿನ ಚಿಟ್ಟೆಗಳ ಫೋಟೋ ಹಾಕುತ್ತಾರೆ. ನೋಡಲು ಅವಳಿ ಜವಳಿಯಂತಿರುವ ಚಿಟ್ಟೆಗಳಲ್ಲಿ ಯಾವುದು ಯಾವುದೆಂದು ಈಯಮ್ಮ ತೀರ್ಪು ಕೊಡುತ್ತಾರೆ. ಹಾಗಂತ ಯೂರೋಪಿಗೆ ಕಾಲಿಟ್ಟವರೇನಲ್ಲ.

“ಯೂರೋಪಿನ ಚಿಟ್ಟೆಗಳಿಗೆಲ್ಲ ನಮ್ಮನೆಯವಳೇ ತಹಸೀಲ್ದಾರ್. ಇವಳು ಸೀಲ್ ಹೊಡೀದೆ ಒಂದೂ ಹಾರೋ ಹಾಗಿಲ್ಲ,” ಎಂದು ಗಂಡ ರಾಜಗೋಪಾಲರು ಬಂದವರೆದುರು ಹಾಸ್ಯ ಮಾಡುತ್ತಿದ್ದರು.

ತಹಸೀಲ್ದಾರರಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮೇಲ್ಮೈ ಒಂದು, ಒಳಮೈ ಒಂದು. ಚಿಟ್ಟೆ ರೆಕ್ಕೆ ಬಿಡಿಸಿದಾಗ ಒಂದು ಫೋಟೋ, ಮುಚ್ಚಿದಾಗ ಇನ್ನೊಂದು. ಎರಡಿಲ್ಲದಿದ್ದರೆ ಹೆಸರು ಹೇಳುವುದಿಲ್ಲ. ಮೇಲೆ ಒಂದೇ ಥರ ಕಾಣುವ ಚಿಟ್ಟೆಗಳ ಗುಟ್ಟು ಒಳಮೈಯಲ್ಲಿ ಬಯಲಾಗುತ್ತದೆ ಎನ್ನುವುದು ಅವರ ಅನುಭವ.

ಲತೇಶನಿಗೂ ಆ ನಿಯಮವನ್ನು ಅವರೇ ಕಲಿಸಿದ್ದು. ಪುತ್ತೂರಿನ ಹುಡುಗ, ಸೊಹಾರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಜುಲೈಯಲ್ಲಿ ಕಂಪನಿ ಅವನನ್ನು ಟ್ರೈನಿಂಗಿಗೆಂದು ಜರ್ಮನಿಗೆ ಕಳಿಸಿತು. ಹೊರಡುವಾಗ, “ಮಾಮಿ, ನಿಮ್ಮ ಯೂರೋಪನ್ನು ಒಮ್ಮೆ ನೋಡಿ ಬರ್ತೇನೆ,” ಎಂದು ನಕ್ಕು ಹೋಗಿದ್ದ. ಅಂದಿನಿಂದ ಶುಕ್ರವಾರ ಬಂತೆಂದರೆ ಹೆಂಡತಿಯ ಫೋನಿಗೆ ಒಂದು ಚಿಟ್ಟೆ, ಎರಡು ಫೋಟೋ. ಹೆಂಡತಿ ಅದನ್ನು ಮಾಮಿಗೆ ತೋರಿಸಬೇಕು, ಮಾಮಿ ಹೆಸರು ಹೇಳಬೇಕು, ಆಮೇಲೆ ಕಾಫಿ.

ಕಾಂತಾಮಣಿ ಫೋನಿನಲ್ಲಿ ಆಗಸ್ಟಿನ ಫೋಟೋ ತೆರೆದರು.

“ಇದು ಅವನು ಹಿಂದೆ ಕಳಿಸಿದ್ದು. ಕಾಮನ್ ಬ್ಲೂ. ರೆಕ್ಕೆಯ ಸುತ್ತ ಬಿಳಿ ಅಂಚು ಇದೆಯಲ್ಲ, ಮಗುವಿನ ಫ್ರಾಕಿನ ಲೇಸ್ ಹಾಗೆ ಅಚ್ಚ ಬಿಳುಪು. ಈಗ ಇವತ್ತಿಂದು ನೋಡು. ಅದೇ ನೀಲಿ, ಅದೇ ಬಿಳಿ ಅಂಚು. ಆದ್ರೆ ಅಂಚಿನ ಮೇಲೆ ಏನಿದೆ?”

ಸ್ವರ್ಣಲತಾ ಕಣ್ಣು ಕಿರಿದು ಮಾಡಿ ನೋಡಿದಳು. “ಕಪ್ಪು ಕಪ್ಪು ಗೆರೆ ಉಂಟು. ಹೊಲಿಗೆ ಹಾಕಿದ ಹಾಗೆ.”

“ಇದು ಅಡೋನಿಸ್ ಬ್ಲೂ. ಸುಣ್ಣಕಲ್ಲಿನ ಗುಡ್ಡದಲ್ಲಿ, ಬಿಸಿಲು ಬೀಳೋ ಕುಳ್ಳ ಹುಲ್ಲಿನಲ್ಲಿ ಇರೋ ಜಾತಿ. ನಿನ್ನ ಗಂಡ ಇರೋದು ಉತ್ತರದ ಬಂದರಿನ ಊರು. ಅಲ್ಲಿ ಇದು ಇಲ್ಲ.”

“ರಜೆಯಲ್ಲಿ ಬೇರೆ ಕಡೆ ಹೋಗಿರ್ಬಹುದಲ್ಲ?”

“ಕೆಳಗೆ ಏನು ಬರೆದಿದಾನೆ ಓದು.”

ಹಾಸ್ಟೆಲಿನ ಹಿಂದಿನ ತೋಟ ಎಂದು ಬರೆದಿತ್ತು.

“ಇನ್ನೊಂದು. ಮೂರು ವಾರದಿಂದ ಒಂದೊಂದೇ ಫೋಟೋ ಬರ್ತಾ ಇದೆ. ಒಳಮೈ ಎಲ್ಲಿ? ಕೆಲಸದ ಗಡಿಬಿಡಿ ಇರಬೇಕು ಅಂತ ನಾನೂ ಸುಮ್ಮನಿದ್ದೆ. ದಡ್ಡಿ ನಾನು.” ಕಾಂತಾಮಣಿ ಫೋಟೋವನ್ನು ಹಿಗ್ಗಿಸಿದರು. ಹಿಂದಿನ ರೆಕ್ಕೆಯಲ್ಲಿ ಉಗುರಿನಿಂದ ಚಿವುಟಿದಷ್ಟು ಹರಿದಿತ್ತು. “ತಾಳು. ಈ ಹರಕು ರೆಕ್ಕೆಯನ್ನ ನಾನು ಎಲ್ಲೋ ನೋಡಿದೀನಿ.”

ಲ್ಯಾಪ್‌ಟಾಪ್ ತೆಗೆದು ಹುಡುಕಿದರು. ಸಿಕ್ಕಿತು. ಸ್ಲೊವೇನಿಯಾ ದೇಶದ ಒಬ್ಬ ಮೇಷ್ಟ್ರು ಹೋದ ವರ್ಷ ಹಾಕಿದ್ದ ಫೋಟೋ. ಅವನು ಅದನ್ನು ಕಾಮನ್ ಬ್ಲೂ ಅಂದಿದ್ದ, ಕಾಂತಾಮಣಿ ಅವನೊಂದಿಗೆ ವಾದ ಮಾಡಿ ಅಡೋನಿಸ್ ಎಂದು ತಿದ್ದಿದ್ದರು. ಅದೇ ಹರಿದ ರೆಕ್ಕೆ, ಅದೇ ಬಾಗಿದ ಹುಲ್ಲುಕಡ್ಡಿ. ಅಲ್ಲಿಗೆ ಖಲಾಸ್. ಯಾರೋ ಕದ್ದ ಫೋಟೋವನ್ನು ಲತೇಶನ ನಂಬರಿನಿಂದ ಕಳಿಸುತ್ತಿದ್ದರು.

ಸ್ವರ್ಣಲತಾ ಎರಡೂ ಫೋಟೋಗಳನ್ನು ನೋಡಿದಳು. ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು.

“ಹಾಗಾದ್ರೆ ಇವರು ಎಲ್ಲಿದ್ದಾರೆ ಮಾಮಿ?” ಕೇಳಬಾರದ ಪ್ರಶ್ನೆಯನ್ನೂ ಕೇಳಿದಳು. “ಇದ್ದಾರಾ?”

ಕಾಂತಾಮಣಿಗೆ ಇದ್ದಾನೆ ಅನ್ನಲು ಪುರಾವೆ ಇಲ್ಲ, ಇಲ್ಲ ಅನ್ನಲು ಬಾಯಿ ಬಾರದು. ಮೂರು ವಾರದಿಂದ ಲತೇಶನ ದನಿಯನ್ನು ಯಾರೂ ಕೇಳಿರಲಿಲ್ಲ. ಕರೆ ಮಾಡಿದರೆ ಎತ್ತುವುದಿಲ್ಲ, ಕಾರ್ಖಾನೆಯೊಳಗೆ ಸಿಗ್ನಲ್ ಇಲ್ಲವೆಂದು ಆಮೇಲೆ ಮೆಸೇಜು. ಭಾನುವಾರ ಸ್ವರ್ಣಲತಾ ಹೆರಿಗೆಗೆಂದು ಊರಿಗೆ ಹೊರಡಬೇಕು. ಆ ವಾರ ದಾಟಿದರೆ ಮುಂದೆ ಪ್ರಯಾಣ ಬೇಡವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಇವಳು ಹೋದರೆ ಲತೇಶ್ ಎಲ್ಲಿ ಎಂದು ಈ ದೇಶದಲ್ಲಿ ಹಕ್ಕಿನಿಂದ ಕೇಳುವವರೇ ಇರುವುದಿಲ್ಲ.

ಅಷ್ಟರಲ್ಲಿ ರಾಜಗೋಪಾಲರು ಟೆರೇಸಿನಿಂದ ಇಳಿದು ಬಂದರು. ಒಂದು ಕೈಯಲ್ಲಿ ನೀರಿನ ಬಕೆಟ್ಟು, ಇನ್ನೊಂದರಲ್ಲಿ ಖಾಲಿ ಸ್ಟೀಲ್ ಡಬ್ಬಿ. ಟೆರೇಸಿನಲ್ಲಿ ಸ್ವರ್ಣಲತಾ ಬೆಳೆಸಿದ ಅಬ್ಬಲಿಗೆ ಗಿಡವಿತ್ತು, ಅವಳಿಗೆ ಮೆಟ್ಟಿಲು ಕಷ್ಟವಾದ ಮೇಲೆ ನೀರು ಹಾಕುವ ಕೆಲಸ ಇವರದು. ಪಕ್ಕದ ಕಟ್ಟಡದಿಂದ ಮೋಟುಗೋಡೆ ದಾಟಿ ಯಾರೋ ಡಿಶ್ ಕದ್ದ ಮೇಲೆ ಟೆರೇಸಿಗೆ ಬೀಗ ಬಿದ್ದು, ಅದರ ಒಂದೇ ಕೀಲಿಯೂ ಇವರ ಜೇಬಿಗೆ ಸೇರಿತ್ತು.

“ಕಾಂತಾ, ಬಿಸಿಬೇಳೆಬಾತ್ ಇನ್ನೂ ಇದೆಯಾ?”

“ಈಗ ತಾನೇ ಒಂದು ಡಬ್ಬಿ ತಗೊಂಡು ಹೋದ್ರಲ್ಲ.”

“ಹಕ್ಕಿಗಳಿಗೆ ಹಾಕ್ದೆ.”

“ಒಂದು ಡಬ್ಬಿ ಬಿಸಿಬೇಳೆಬಾತ್ ತಿನ್ನೋ ಹಕ್ಕಿ ಯಾವುದ್ರೀ? ಸಕ್ಕರೆ ಕಾಯಿಲೆ ಇಟ್ಕೊಂಡು ಕದ್ದು ತಿಂದಿದೀನಿ ಅಂತ ಒಪ್ಕೊಳ್ಳಿ. ಆಮೇಲೆ ಮಾತಾಡ್ತೀನಿ ನಿಮ್ಮ ಹತ್ರ. ಈಗ ಇಲ್ಲಿ ಬನ್ನಿ.”

ವಿಷಯ ಕೇಳಿದ ರಾಜಗೋಪಾಲರು ಆಶ್ಚರ್ಯಪಡಲಿಲ್ಲ. ಕನ್ನಡಕ ಒರೆಸಿಕೊಂಡು, “ಚಿಟ್ಟೆ ಗಿಟ್ಟೆ ಎಲ್ಲ ಬಿಡು. ಈ ಹುಡುಗಿ ಭಾನುವಾರ ಊರಿಗೆ ಹೋಗಲಿ. ಅದೇ ಒಳ್ಳೇದು,” ಎಂದು ಒಳಗೆ ನಡೆದರು.

ಕಾಂತಾಮಣಿಗೆ ಮೈ ಉರಿಯಿತು. ಕಂಡವರ ಮಗಳ ಗೋಳು ಇವರಿಗೆ ಕಾಣುವುದೇ ಇಲ್ಲವಲ್ಲ ಎಂದುಕೊಂಡರು. ಆದರೆ ಅದೇ ಮಾತನ್ನು ಇನ್ನೆಲ್ಲೋ ಓದಿದ ನೆನಪಾಗಿ ಸ್ವರ್ಣಲತಾಳ ಫೋನಿನ ಮೆಸೇಜುಗಳನ್ನು ಹಿಂದಕ್ಕೆ ಸರಿಸಿದರು. ‘ಭಾನುವಾರ ಆರಾಮವಾಗಿ ಊರಿಗೆ ಹೋಗು. ನನ್ನ ಚಿಂತೆ ಬೇಡ.’ ಸೋಮವಾರ ಬಂದ ಮೆಸೇಜು.

“ನಿನ್ನ ಟಿಕೆಟ್ ಮೊದಲು ಬರೋ ಬುಧವಾರದ್ದಾಗಿತ್ತಲ್ವಾ? ಭಾನುವಾರ ಅಂತ ನಿನಗೆ ಗೊತ್ತಾಗಿದ್ದು ಯಾವಾಗ?”

“ಮಂಗಳವಾರ. ಇವರ ಆಫೀಸಿನ ಪ್ಯಾಟ್ರಿಷಿಯಾ ಫೋನ್ ಮಾಡಿ ಹೇಳಿದ್ದು. ಕಂಪನಿ ಟಿಕೆಟ್ ಅಲ್ವಾ, ಅವಳೇ ಚೇಂಜ್ ಮಾಡಿಸಿದ್ದು.”

“ನಿನಗೇ ಮಂಗಳವಾರ ಗೊತ್ತಾಗಿದ್ದು ಸೋಮವಾರವೇ ಜರ್ಮನಿಗೆ ಹೇಗೆ ಗೊತ್ತಾಯ್ತು?”

ಸ್ವರ್ಣಲತಾ ಆ ಮೆಸೇಜಿನ ಸ್ಕ್ರೀನ್‌ಶಾಟನ್ನು ಮಾಮಿಯ ಫೋನಿಗೆ ಕಳಿಸಿದಳು. ಕಾಂತಾಮಣಿ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

*

ಗಲ್ಫಿನಲ್ಲಿ ಭಾನುವಾರ ಕೆಲಸದ ದಿನ. ಹಾಗಾಗಿ ಕ್ರಿಶ್ಚಿಯನ್ನರು ಬಹಳ ಮಂದಿ ಪೂಜೆಗೆ ಹೋಗುವುದು ರಜೆಯ ಶುಕ್ರವಾರ. ಕಂಪನಿಯ ಎಚ್‌ಆರ್ ವಿಭಾಗದ ಪ್ಯಾಟ್ರಿಷಿಯಾ ಕಿನ್ನಿಗೋಳಿಯವಳು, ಪೂಜೆ ತಪ್ಪಿಸುವವಳಲ್ಲ. ಕಾಂತಾಮಣಿಯ ಟ್ಯಾಕ್ಸಿ ರುವಿಯ ಚರ್ಚಿನ ಮುಂದೆ ನಿಂತಾಗ ಜನ ಹೊರಗೆ ಬರುತ್ತಿದ್ದರು. ಆವರಣದ ತುಂಬ ಕೊಂಕಣಿ ಮಾತು, ಮಕ್ಕಳ ಇಂಗ್ಲಿಷು, ಪೇಪರ್ ಕಪ್ಪಿನಲ್ಲಿ ಚಹಾ.

ಪ್ಯಾಟ್ರಿಷಿಯಾ ನೆರಳಿನ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಕಾಂತಾಮಣಿಯನ್ನು ಕಂಡು ಎದ್ದಳು. ಇಬ್ಬರ ಪರಿಚಯ ಸ್ವರ್ಣಲತಾಳ ಸೀಮಂತದಲ್ಲಾದದ್ದು. ಅಂದು ಮಂಗಳೂರಿನ ವಿಮಾನದಲ್ಲಿ ಬಂದ ಉಡುಪಿ ಮಲ್ಲಿಗೆಯ ಅಟ್ಟೆ ಎಂಬ ಹೂವಿನ ಕಟ್ಟನ್ನು ಬಿಸಿಲಿಗೆ ಬಾಡದಂತೆ ಐಸ್ ಪೆಟ್ಟಿಗೆಯಲ್ಲಿಟ್ಟು ತಂದು, ಬಸುರಿಯ ತಲೆಗೆ ಮುಡಿಸಿದ್ದು ಇವಳೇ.

“ಆಂಟಿ, ನೀವಿಲ್ಲಿ?”

“ನಿಮ್ಮನ್ನೇ ನೋಡೋಣ ಅಂತ ಬಂದೆ. ಪ್ಯಾಟ್ರಿಷಿಯಾ, ನಿಮಗೆ ಚಿಟ್ಟೆ ಅಂದ್ರೆ ಇಷ್ಟನಾ?”

ಚಹಾದ ಕಪ್ಪು ಬಾಯಿಯ ಬಳಿ ನಿಂತಿತು. “ಚಿಟ್ಟೆಯಾ? ಯಾಕೆ ಹಾಗೆ ಕೇಳ್ತೀರಿ?”

“ಸ್ಲೊವೇನಿಯಾದ ಚಿಟ್ಟೆನ ಜರ್ಮನಿಗೆ ಹಾರಿಸಿದವರು ನೀವಲ್ವಾ, ಅದಕ್ಕೆ.”

“ನನಗೆ ಇದೆಲ್ಲ ಎಂತ ಗೊತ್ತಿಲ್ಲ ಆಂಟಿ. ಗಂಡ ಹೆಂಡ್ತಿ ಮಧ್ಯದ್ದು ನನ್ನ ಹತ್ರ ಕೇಳಿದ್ರೆ ಹೇಗೆ?”

ಕಾಂತಾಮಣಿ ದನಿ ಏರಿಸಲಿಲ್ಲ. ಕಾಲೇಜಿನಲ್ಲಿ ಕಾಪಿ ಹೊಡೆದವರ ಪಕ್ಕ ಹೋಗಿ ಸುಮ್ಮನೆ ನಿಲ್ಲುತ್ತಿದ್ದರಲ್ಲ, ಹಾಗೆ ಪಕ್ಕದಲ್ಲಿ ಕೂತರು. ಸೋಮವಾರದ ಮೆಸೇಜನ್ನು ತೋರಿಸಿದರು. “ಟಿಕೆಟ್ ಬದಲಾಗಿದ್ದು ಆ ದಿನ ಗೊತ್ತಿದ್ದದ್ದು ಅದನ್ನ ಬದಲಿಸಿದವರಿಗೆ ಮಾತ್ರ. ಆ ಹುಡುಗಿ ಬೆಳಿಗ್ಗೆ ನನ್ನ ಕೇಳಿದಳು ಪ್ಯಾಟ್ರಿಷಿಯಾ, ‘ಇದ್ದಾರಾ’ ಅಂತ. ಉತ್ತರ ನೀವು ಕೊಡ್ತೀರಾ?”

ಪ್ಯಾಟ್ರಿಷಿಯಾ ಚಹಾದ ಕಪ್ಪನ್ನು ಬೆಂಚಿನ ಮೇಲಿಟ್ಟಳು. ತಲೆಯ ಮೇಲಿದ್ದ ಶಾಲನ್ನು ಕೆಳಗೆಳೆದು ಕಣ್ಣು ಒರೆಸಿಕೊಂಡಳು. ಅಳು ತಡೆಯುವ ಯತ್ನ ಅಲ್ಲಿಗೇ ಮುಗಿಯಿತು.

“ಅವನ ಸಿಮ್ ಕಂಪನಿ ಹೆಸರಲ್ಲಿ ಇರುವುದು ಆಂಟಿ. ಡುಪ್ಲಿಕೇಟ್ ತೆಗೆದು ನನ್ನ ಕೈಗೆ ಕೊಟ್ಟು, ಹೆಂಡ್ತಿಗೆ ಆಗಾಗ ಮೆಸೇಜ್ ಹಾಕು, ಗಾಬರಿ ಮಾಡ್ಬೇಡ ಅಂತ ಮ್ಯಾನೇಜರ್ ಹೇಳಿದ್ರು. ಅವಳು ಊರಿಗೆ ಹೋಗುವ ತನಕ ಮಾತ್ರ ಅಂತ. ನಾನು ಆಗುವುದಿಲ್ಲ ಹೇಳಿದ್ರೆ ನನ್ನ ವೀಸಾ ಹೋಗ್ತದೆ. ನನ್ನ ಗಂಡನದ್ದೂ ಇದೇ ಕಂಪನಿ.”

“ಚಿಟ್ಟೆ ಕಳಿಸೋಕೂ ಮ್ಯಾನೇಜರ್ ಹೇಳಿದ್ರಾ?”

“ಇಲ್ಲ. ಅದು ನಾನೇ.” ಪ್ಯಾಟ್ರಿಷಿಯಾ ಮೂಗು ಒರೆಸಿಕೊಂಡಳು. “ಸಿಮ್ ನನ್ನ ಹತ್ರ ಬಂದ ಮೊದಲನೇ ಶುಕ್ರವಾರ ಅವಳು ಮತ್ತೆ ಮತ್ತೆ ಕಾಲ್ ಮಾಡಿದಳು. ಇವತ್ತು ಚಿಟ್ಟೆ ಬರಲಿಲ್ಲ ಯಾಕೆ, ಹುಷಾರಿಲ್ವಾ ಅಂತ ಮೆಸೇಜ್. ನನಗೆ ಓದಿ ಓದಿ ಹೊಟ್ಟೆ ಉರಿಯಿತು. ಪಾಪ, ಈ ಸಮಯದಲ್ಲಿ ಅವಳು ಅಳಬಾರದಲ್ವಾ. ನೆಟ್ಟಿನಲ್ಲಿ ಹುಡುಕಿ, ಒಂದು ನೀಲಿ ಚಿಟ್ಟೆ, ಇದ್ದುದರಲ್ಲಿ ಚಂದದ್ದು ನೋಡಿ ಕಳಿಸಿದೆ. ಅವಳು ಹಾರ್ಟ್ ಹಾಕಿ ಕಳಿಸಿದಳು. ಆಮೇಲೆ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ.”

ಇವಳು ಮಾಡಿದ ಮೋಸವೆಲ್ಲ ಬೇರೆಯವರು ಮಾಡಿಸಿದ್ದು. ತಾನಾಗಿ ಮಾಡಿದ್ದು ಒಂದು ಕನಿಕರದ ಕೆಲಸ, ಸಿಕ್ಕಿಬಿದ್ದದ್ದೂ ಅದರಿಂದಲೇ. ಬೈಯಲೆಂದು ಬಂದಿದ್ದ ಕಾಂತಾಮಣಿಗೆ ಇವಳ ಮೇಲೆ ಸಿಟ್ಟಿಗಿಂತ ಮರುಕವೇ ಹೆಚ್ಚಾಯಿತು.

“ಲತೇಶ್ ಎಲ್ಲಿ?”

“ದೇವರಾಣೆ ಗೊತ್ತಿಲ್ಲ. ಸೊಹಾರಲ್ಲಿ ಕುಲುಮೆ ಸಿಡಿದು ಕೊರಗಪ್ಪ ಸುಟ್ಟುಕೊಂಡದ್ದು ನಿಮಗೆ ಗೊತ್ತುಂಟಲ್ಲ, ಅದೇ ಆಪರೇಟರ್. ತಪ್ಪು ಅವನದ್ದೇ ಅಂತ ಅವನ ತಲೆಗೆ ಕಟ್ಟಿದ್ರು. ಲತೇಶ್ ಅಲ್ಲ ಹೇಳ್ತಿದ್ದ. ಅಲ್ಲಿ ಹಾಕಿದ ವಾಲ್ವೇ ನಕಲಿ ಅಂತ. ಟ್ರೈನಿಂಗಿಗೆ ಹೋಗುವಾಗ ಆ ಒಡೆದ ವಾಲ್ವಿನ ತುಂಡನ್ನು ಬ್ಯಾಗಲ್ಲಿ ಹಾಕ್ಕೊಂಡು ಹೋಗಿದ್ದ. ಅಲ್ಲಿ ಪರೀಕ್ಷೆ ಮಾಡಿಸಿದ್ದಾನೆ ಅಂತ ಇವರಿಗೆ ಗೊತ್ತಾಯ್ತು. ಕೂಡಲೇ ವಾಪಸ್ ಕರೆಸಿದ್ರು.”

“ವಾಪಸ್ಸಾ? ಅಂದ್ರೆ ಅವನು ಜರ್ಮನಿಯಲ್ಲಿ ಇಲ್ಲ?”

“ಮೂರು ವಾರ ಆಯ್ತು ಮಸ್ಕತ್ತಿನಲ್ಲಿ ಇಳಿದು. ಕಂಪನಿ ಕಾರು ಹೊರಗೆ ಕಾಯ್ತಾ ಇತ್ತು. ಅವನು ಕಾರಿಗೆ ಬರಲೇ ಇಲ್ಲ. ಬೇರೆ ಬಾಗಿಲಿಂದ ಹೋದದ್ದು ಡ್ರೈವರ್ ದೂರದಿಂದ ನೋಡಿದ್ದಾನೆ. ಪೆಟ್ಟಿಗೆ ಹಿಡಿದುಕೊಂಡು ಜೊತೆಗೆ ಯಾರೋ ವಯಸ್ಸಾದವರು ಇದ್ರಂತೆ, ಮುಖ ಕಾಣಲಿಲ್ಲ. ಈಗ ಇವರು ಹುಡುಕುವುದು ಆ ಮುದುಕರನ್ನು.”

ಕಾಂತಾಮಣಿಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಮೂರು ವಾರದ ಕೆಳಗೆ ಹುಡುಗ ತನ್ನ ಕಾಲ ಮೇಲೆ ನಡೆದು ಹೋಗಿದ್ದಾನೆ. ಇನ್ನರ್ಧ ಅಲ್ಲೇ ಉಳಿಯಿತು. ಹಾಗಾದರೆ ಹೆಂಡತಿಗೆ ಒಂದು ಮಾತು ತಿಳಿಸಲಿಲ್ಲ ಯಾಕೆ?

“ಆಂಟಿ, ಒಂದು ಕೇಳ್ಲಾ?” ಪ್ಯಾಟ್ರಿಷಿಯಾ ತಗ್ಗಿದ ದನಿಯಲ್ಲಿ ಅಂದಳು. “ನಿಮಗೆ ಹೇಗೆ ಗೊತ್ತಾಯ್ತು? ನನಗೆ ನೋಡಿದ್ರೆ ಎಲ್ಲ ನೀಲಿ ಚಿಟ್ಟೆ ಒಂದೇ.”

ಮೇಷ್ಟ್ರಿಕೆ ಮಾಡಿದವರಿಗೆ ಇಂಥ ಪ್ರಶ್ನೆ ಕೇಳಬಾರದು. ಕಾಂತಾಮಣಿ ಎಲ್ಲವನ್ನೂ ಬಿಡಿಸಿ ಹೇಳಿದರು. ಬಿಳಿ ಅಂಚು ಹೇಳಿದರು, ಕಪ್ಪು ಗೆರೆ ಹೇಳಿದರು, ಸುಣ್ಣಕಲ್ಲಿನ ಗುಡ್ಡ ಹೇಳಿದರು. “ಅದೆಲ್ಲಕ್ಕಿಂತ ದೊಡ್ಡದು ಅಂದ್ರೆ, ಲತೇಶ್ ಯಾವತ್ತೂ ಒಂದೇ ಫೋಟೋ ಕಳಿಸೋನಲ್ಲ. ಮೇಲ್ಮೈ ಒಂದು, ಒಳಮೈ ಒಂದು. ನಾನೇ ಕಲಿಸಿದ್ದು. ನೀವು ಎರಡು ಕಳಿಸಿದ್ರೆ ನಾನೂ ನಂಬಿಬಿಡ್ತಿದ್ದೆ.”

ಪ್ಯಾಟ್ರಿಷಿಯಾ ತಲೆದೂಗಿದಳು. ಅವಳ ಕೈಚೀಲದಲ್ಲಿ ಫೋನು ಗುಂಯ್‌ಗುಟ್ಟಿತು. ಹೆಸರು ನೋಡಿ ಥಟ್ಟನೆ ಎದ್ದಳು. “ಮ್ಯಾನೇಜರ್. ನಾನು ಹೋಗ್ಬೇಕು. ನನ್ನ ಹೆಸರು ಎಲ್ಲಿಯೂ ಹೇಳ್ಬೇಡಿ ಆಂಟಿ, ಕೈ ಮುಗೀತೇನೆ.”

ಗೇಟಿನ ಹತ್ತಿರ ನಿಂತು ಅವಳು ಬಹಳ ಹೊತ್ತು ಫೋನಿನಲ್ಲಿ ಮಾತಾಡಿದಳು. ಟ್ಯಾಕ್ಸಿ ಸಿಗದೆ ಬಿಸಿಲಲ್ಲಿ ನಿಂತಿದ್ದ ಕಾಂತಾಮಣಿಗೆ ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

*

ಮನೆ ಮುಟ್ಟುವಾಗ ಜುಮ್ಮಾ ನಮಾಜು ಮುಗಿದು ಗ್ಯಾರೇಜುಗಳ ಬೀದಿ ಬಿಕೋ ಎನ್ನುತ್ತಿತ್ತು. ಎರಡನೇ ಮಹಡಿಯ ಮೆಟ್ಟಿಲಲ್ಲೇ ಸ್ವರ್ಣಲತಾ ಗೋಡೆಗೆ ಒರಗಿ ಕಾದು ಕೂತಿದ್ದಳು.

ಕಾಂತಾಮಣಿ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡು ಕೇಳಿದ್ದೆಲ್ಲವನ್ನೂ ಹೇಳಿದರು. ಲತೇಶ್ ಇದೇ ಊರಿಗೆ ಬಂದಿಳಿದಿದ್ದಾನೆ ಎಂದಾಗ ಸ್ವರ್ಣಲತಾ ಅವರ ಕೈಯನ್ನು ನೋಯುವಷ್ಟು ಒತ್ತಿದಳು.

ಆಗ ಅವಳ ಫೋನು ಟಿಂಗ್ ಎಂದಿತು. ಯಾವುದೋ ಹೊಸ ನಂಬರು. ಅಕ್ಷರವಿಲ್ಲ, ಬರೀ ಫೋಟೋ.

“ಮಾಮಿ.” ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. “ಎರಡು ಉಂಟು.”

ಒಂದರಲ್ಲಿ ಚಿಟ್ಟೆ ರೆಕ್ಕೆ ಬಿಡಿಸಿತ್ತು, ಇನ್ನೊಂದರಲ್ಲಿ ಮುಚ್ಚಿತ್ತು. ಸ್ವರ್ಣಲತಾ ಫೋನನ್ನು ಎದೆಗೊತ್ತಿಕೊಂಡು, ಇಷ್ಟು ಹೊತ್ತು ಹಿಡಿದಿಟ್ಟ ಅಳುವನ್ನೆಲ್ಲ ಅತ್ತಳು. ಅಳುತ್ತ ನಕ್ಕಳು. ಕಾಂತಾಮಣಿಯ ಕಣ್ಣೂ ತುಂಬಿತು, ಆದರೆ ಅಭ್ಯಾಸಬಲ, ಕಣ್ಣೊರೆಸಿಕೊಂಡು, ಫೋನು ಇಸಿದುಕೊಂಡು ಫೋಟೋವನ್ನೇ ನೋಡಿದರು.

ಹಿಂದಿನ ರೆಕ್ಕೆ ಗಾಢ ನೀಲಿ, ಅದರಲ್ಲಿ ಕಣ್ಣಿನಂಥ ಬೊಟ್ಟುಗಳು. ಒಳಮೈ ಒಣಗಿದ ಎಲೆಯ ಬಣ್ಣ. “ಇದು ಬ್ಲೂ ಪ್ಯಾನ್ಸಿ. ಯೂರೋಪಿನ ಯಾವ ಮೂಲೆಯಲ್ಲೂ ಇಲ್ಲ. ನಮ್ಮ ಮೈಸೂರಲ್ಲೂ ಇದೆ, ಇಲ್ಲಿನ ಕಣಿವೆಗಳಲ್ಲೂ ಇದೆ. ಕೂತಿರೋದು ಕನಕಾಂಬರದ ಗಿಡದ ಮೇಲೆ.”

“ಕನಕಾಂಬರ ಅಲ್ಲ ಮಾಮಿ, ನಮ್ಮ ಕಡೆ ಅಬ್ಬಲಿಗೆ,” ಎಂದು ಫೋಟೋ ಹಿಗ್ಗಿಸಿದ ಸ್ವರ್ಣಲತಾ ಗಿಡದ ಬುಡಕ್ಕೆ ಬೆರಳಿಟ್ಟಳು. ಗಿಡದ ಕೆಳಗೆ ಹಳದಿ ಪೇಂಟ್ ಡಬ್ಬಿ, ಬಾಯಿಯ ಹತ್ತಿರ ಕೆಂಪು ರಿಬ್ಬನ್ ಕಟ್ಟಿತ್ತು. “ಈ ರಿಬ್ಬನ್ ನಾನು ಕಟ್ಟಿದ್ದು. ಸೀಮಂತದ ದಿನ. ಇದು ನನ್ನ ಅಬ್ಬಲಿಗೆ ಮಾಮಿ. ನಮ್ಮ ಟೆರೇಸಿಂದು.”

ಟೆರೇಸಿಗೆ ಬೀಗ. ಕೀಲಿ ಒಂದೇ. ಕಾಂತಾಮಣಿಗೆ ಬಿಸಿಬೇಳೆಬಾತಿನ ಡಬ್ಬಿ ಕಣ್ಣ ಮುಂದೆ ಬಂತು. ಮೂರು ವಾರದಿಂದ ಒಂದು ಪಾವು ಅಕ್ಕಿ ಹೆಚ್ಚು ಖರ್ಚಾಗುತ್ತಿದೆಯಲ್ಲ ಎಂದು ಗೊಣಗಿದ್ದು ನೆನಪಾಯಿತು. ಪೆಟ್ಟಿಗೆ ಹಿಡಿದ ಮುದುಕ ನೆನಪಾದ. ಸಮುದ್ರದಾಚೆಯ ಚಿಟ್ಟೆಯ ರೆಕ್ಕೆಯಲ್ಲಿ ಹೊಲಿಗೆ ಎಣಿಸುವ ತಹಸೀಲ್ದಾರರಿಗೆ ತಮ್ಮ ಮನೆಯ ಡಬ್ಬಿ ಕಂಡಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ.

ಇಬ್ಬರೂ ಮೇಲಿನ ಮನೆಗೆ ಬಂದಾಗ ರಾಜಗೋಪಾಲರು ಅಡುಗೆಮನೆಯಲ್ಲಿ ಡಬ್ಬಿಗೆ ಅನ್ನ ತುಂಬುತ್ತಿದ್ದರು.

ಕಾಂತಾಮಣಿ ಅಂಗೈ ಚಾಚಿದರು. “ಕೀಲಿ ಕೊಡಿ.”

ಅವರು ಹೆಂಡತಿಯನ್ನು ನೋಡಿದರು, ಸ್ವರ್ಣಲತಾಳನ್ನು ನೋಡಿದರು. ಜೇಬಿನಿಂದ ಕೀಲಿ ತೆಗೆದು ಊಟದ ಮೇಜಿನ ಮೇಲಿಟ್ಟರು.

“ಅವನೇ ಕೇಳ್ಕೊಂಡ ಕಾಂತಾ. ಏರ್‌ಪೋರ್ಟಿಂದ ಫೋನ್ ಮಾಡಿ, ಸಾರ್, ಕಂಪನಿ ಕಾರು ಹತ್ತಿದ್ರೆ ನಾನು ಮನೆಗೆ ಬರಲ್ಲ ಅಂದ. ಟೆರೇಸಿನ ಹಳೇ ವಾಚ್‌ಮನ್ ರೂಮಲ್ಲಿ ಇಟ್ಟಿದೀನಿ. ಸ್ವರ್ಣ ಇಲ್ಲಿರೋ ತನಕ ಅವಳನ್ನ ಹಿಡ್ಕೊಂಡು ನನ್ನ ಆಡಿಸ್ತಾರೆ, ಅವಳು ಊರು ಸೇರಲಿ, ಆಮೇಲೆ ವಾಲ್ವ್ ತಗೊಂಡು ಪೊಲೀಸರ ಹತ್ರ ಹೋಗ್ತೀನಿ ಅಂದ. ನಿನಗೆ ಹೇಳಿದ್ರೆ ನೀನು ಇವಳ ಅಳು ನೋಡಲಾರದೆ ಹೇಳಿಬಿಡ್ತಿದ್ದೆ.”

ಕಾಂತಾಮಣಿ ದಬದಬ ಗಂಡನ ತೋಳಿಗೆ ಗುದ್ದಿದರು. “ಮೂರು ವಾರ ಈ ಮಗು ಅವನ ದನಿ ಕೇಳೋಕೆ ಹಂಬಲಿಸ್ತಲ್ರೀ. ಒಂದು ಮಾತು, ಇದ್ದಾನೆ ಅಂತ ಒಂದೇ ಮಾತು ಹೇಳಬಾರದಿತ್ತಾ? ಕೊನೆಗೆ ಅವನಿಗೇ ತಡೀಲಿಲ್ಲ ನೋಡಿ. ಫೋಟೋ ಕಳಿಸಿದ.”

“ಯಾವ ಫೋಟೋ?”

“ಚಿಟ್ಟೆ. ಎರಡು ಫೋಟೋ, ಮೇಲ್ಮೈ, ಒಳಮೈ. ಈಗಷ್ಟೇ ಬಂತು, ಇದೇ ಟೆರೇಸಿಂದ.”

ರಾಜಗೋಪಾಲರ ಕೈಯಿಂದ ಸೌಟು ಜಾರಿತು.

“ಅವನ ಹತ್ರ ಫೋನಿಲ್ಲ ಕಾಂತಾ. ಇಟ್ಕೊಂಡ್ರೆ ಪತ್ತೆ ಹಚ್ಚುತ್ತಾರೆ ಅಂತ ಬಂದ ದಿನವೇ ಒಡೆದು ಹಾಕಿದ್ವಿ. ಕ್ಯಾಮೆರಾನೂ ಇಲ್ಲ.” ಅವರು ಹೆಂಡತಿಯ ಭುಜ ಹಿಡಿದರು. “ಎರಡು ಫೋಟೋ ಕಳಿಸಿದ್ರೇ ನೀನು ನಂಬೋದು ಅಂತ ನಾವು ನಾಲ್ಕು ಜನ ಬಿಟ್ರೆ ಇನ್ಯಾರಿಗೆ ಗೊತ್ತು?”

ಚರ್ಚಿನ ಬೆಂಚು, ತಣ್ಣಗಾದ ಚಹಾ, ತಲೆದೂಗುತ್ತಿದ್ದ ಪ್ಯಾಟ್ರಿಷಿಯಾ, ಗೇಟಿನ ಹತ್ತಿರ ಅವಳ ಬೆನ್ನು ಎಲ್ಲವೂ ಕಾಂತಾಮಣಿಯ ಕಣ್ಣ ಮುಂದೆ ಹಾದುಹೋದವು. ಮ್ಯಾನೇಜರ್ ಬಾಯಿ ಬಿಡಿಸಿದ್ದೋ, ಇವಳೇ ಹೇಳಿದ್ದೋ, ಆ ಮುದುಕರು ಯಾರೆಂದು ಊಹಿಸಿದವರು ಪಕ್ಕದ ಕಟ್ಟಡದ ಮೋಟುಗೋಡೆ ದಾಟಿ ಆಗಲೇ ಟೆರೇಸಿಗೆ ಬಂದಿದ್ದರು. ಯಾರು ಹೇಳಿದರೂ, ಕಲಿಸಿಕೊಟ್ಟ ಮೇಡಮ್ಮು ಮಾತ್ರ ತಾವೇ.

“ಸ್ವರ್ಣ, ಆ ಫೋನ್ ಇಲ್ಲಿ ಕೊಡು,” ಎನ್ನುತ್ತ ಅವರು ಹಿಂದಕ್ಕೆ ತಿರುಗಿದರು.

ಸ್ವರ್ಣಲತಾ ಅಲ್ಲಿರಲಿಲ್ಲ. ಮುಂಬಾಗಿಲು ತೆರೆದಿತ್ತು. ಮೇಜಿನ ಮೇಲೆ ಅವಳ ಫೋನಿತ್ತು, ಪಕ್ಕದಲ್ಲಿದ್ದ ಕೀಲಿ ಇರಲಿಲ್ಲ. ಫೋನಿನ ಪರದೆಯಲ್ಲಿ ಅದೇ ಹೊಸ ನಂಬರಿನಿಂದ ಬಂದ ಒಂದು ಸಾಲು ಇನ್ನೂ ಬೆಳಗುತ್ತಿತ್ತು.

‘ಮೇಲೆ ಬಾ. ಒಬ್ಬಳೇ ಬಾ.’

ಮೇಲಿನ ಮೆಟ್ಟಿಲುಗಳಲ್ಲಿ ಬಸುರಿ ಹೆಂಗಸಿನ ನಿಧಾನದ ಹೆಜ್ಜೆಗಳು ಕೇಳುತ್ತಿದ್ದವು. ಆಮೇಲೆ ಬೀಗಕ್ಕೆ ಕೀಲಿ ತಿರುಗಿದ ಸದ್ದಾಯಿತು.